ಫೆಸ್ತಾ ಮಜೋರ್: ಕ್ಯಾಟಲೋನಿಯಾದ ಊರಹಬ್ಬ

ಸ್ಪೇನಿನ ಈಶಾನ್ಯ ಭಾಗದ ಕ್ಯಾಟಲೋನಿಯಾದಲ್ಲಿ ಸಣ್ಣ ಹಳ್ಳಿಯಿಂದ ನಗರದವರೆಗೆ ಪ್ರತಿಯೊಂದು ಊರಿಗೂ ತನ್ನದೇ ಆದ ‘ಫೆಸ್ತಾ ಮಜೋರ್’ ಇರುತ್ತದೆ. ಕ್ಯಾಟಲಾನ್ ಭಾಷೆಯಲ್ಲಿ ‘ಫೆಸ್ತಾ’ ಎಂದರೆ ಹಬ್ಬ, ‘ಮಜೋರ್’ ಎಂದರೆ ಹಿರಿದು. ಊರಿನ ಮುಖ್ಯ ಬೀದಿಗೂ ಮುಖ್ಯ ಚೌಕಕ್ಕೂ ಇದೇ ವಿಶೇಷಣ ಸೇರುತ್ತದೆ. ಹಾಗಾಗಿ ಇಲ್ಲಿ ಹಿರಿದು ಎಂಬುದು ಖರ್ಚಿನ ಅಥವಾ ಜನಸಂದಣಿಯ ಅಳತೆಯಲ್ಲ. ಆ ಊರಿನವರ ಪಾಲಿಗೆ ವರ್ಷದಲ್ಲಿ ಅದಕ್ಕಿಂತ ಮಿಗಿಲಾದ ದಿನ ಬೇರೊಂದಿಲ್ಲ ಎಂದರ್ಥ. ಕನ್ನಡದಲ್ಲಿ ಇದಕ್ಕೆ ‘ಜಾತ್ರೆ’ಗಿಂತ ‘ಊರಹಬ್ಬ’ ಎಂಬ ಮಾತೇ ಹೆಚ್ಚು ಒಪ್ಪುತ್ತದೆಂದು ನನಗೆ ಅನ್ನಿಸುತ್ತದೆ. ಜಾತ್ರೆ ಎಂದೊಡನೆ ಸುತ್ತಲಿನಿಂದ ಬಂದು ನೆರೆಯುವ ಜನ ಕಣ್ಮುಂದೆ ಬರುತ್ತಾರೆ. ಫೆಸ್ತಾ ಮಜೋರ್ ಮೊದಲಿಗೆ ಊರಿನವರೇ ಊರಿಗಾಗಿ ಮಾಡುವ ಹಬ್ಬ.

ಹಬ್ಬದ ದಿನವನ್ನು ಸಾಮಾನ್ಯವಾಗಿ ಊರನ್ನು ಕಾಯುವ ಸಂತರ ಹೆಸರಿನಲ್ಲಿ ಗೊತ್ತುಮಾಡಿರುತ್ತಾರೆ. ವಿಲಾಫ್ರಾಂಕಾ ದೆಲ್ ಪೆನೆದೆಸ್‌ನಲ್ಲಿ ಅದು ಆಗಸ್ಟ್ 30ರ ಸಂತ ಫೆಲಿಕ್ಸ್‌ನ ದಿನ, ತಾರಗೋನಾದಲ್ಲಿ ಸೆಪ್ಟೆಂಬರ್ 23ರ ಸಂತ ತೆಕ್ಲಾಳ ದಿನ. ಬೇಸಿಗೆಗೊಂದು, ಚಳಿಗಾಲಕ್ಕೊಂದು ಎಂದು ಎರಡು ಹಬ್ಬಗಳಿರುವ ಊರುಗಳೂ ಉಂಟು.

ಈ ಪದದ ಒಳಗುಟ್ಟು ತಿಳಿಯಬೇಕಾದರೆ ‘ಕೋಲ್ಯಾ’ ಎಂಬ ಇನ್ನೊಂದು ಪದವನ್ನು ಅರಿಯಬೇಕು. ಕೋಲ್ಯಾ ಎಂದರೆ ತಂಡ, ಕೂಟ. ಎತ್ತರದ ರಾಜ-ರಾಣಿಯರ ಬೊಂಬೆಗಳನ್ನು ಹೊತ್ತು ಕುಣಿಸುವವರದೊಂದು ಕೋಲ್ಯಾ, ಬೆಂಕಿಯ ದೆವ್ವಗಳ ವೇಷ ಹಾಕುವವರದೊಂದು, ಮಾನವ ಗೋಪುರ ಕಟ್ಟುವವರದು ಮತ್ತೊಂದು. ವರ್ಷವಿಡೀ ಸಂಜೆಗಳಲ್ಲಿ ಅಭ್ಯಾಸ ನಡೆಸಿ ಹಬ್ಬದ ದಿನ ಚೌಕಕ್ಕೆ ಇಳಿಯುವ ಇವರು ಅಂಗಡಿಯವರು, ಶಿಕ್ಷಕರು, ವಿದ್ಯಾರ್ಥಿಗಳು, ನಿವೃತ್ತರು.

‘ಕಸ್ತೆಲ್ಯ್’, ಅಂದರೆ ಕೋಟೆ, ಎಂದು ಕರೆಯಲಾಗುವ ಈ ಮಾನವ ಗೋಪುರ ತಾರಗೋನಾ ಬಳಿಯ ವಾಲ್ಸ್ ಊರಿನ ಸುತ್ತಮುತ್ತ 18ನೇ ಶತಮಾನದ ಕೊನೆಗೆ ರೂಪುಗೊಂಡಿತು. 2010ರಲ್ಲಿ ಯುನೆಸ್ಕೊ ಇದನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಗೋಪುರ ಏಳುವ ಮುನ್ನ ನಡೆಯುವ ಸಿದ್ಧತೆಯೇ ನೋಡತಕ್ಕದ್ದು. ಉದ್ದನೆಯ ಕಪ್ಪು ನಡುಪಟ್ಟಿಯ ಒಂದು ತುದಿಯನ್ನು ಗೆಳೆಯನೊಬ್ಬ ಬಿಗಿಹಿಡಿದು ನಿಲ್ಲುತ್ತಾನೆ, ಕಟ್ಟಿಕೊಳ್ಳುವವನು ಸುತ್ತುತ್ತ ಸುತ್ತುತ್ತ ಅವನ ಹತ್ತಿರಕ್ಕೆ ಬರುತ್ತಾನೆ. ಬೆನ್ನಿಗೆ ಬಲ ಕೊಡುವ ಆ ಪಟ್ಟಿಯೇ ಮೇಲೇರುವವರಿಗೆ ಮೆಟ್ಟಿಲಾಗುತ್ತದೆ. ಬಳಿಕ ನೂರಾರು ಜನ ಒಬ್ಬರ ಬೆನ್ನಿಗೆ ಇನ್ನೊಬ್ಬರು ಎದೆಯೊತ್ತಿ, ತೋಳುಗಳನ್ನು ಮುಂದಕ್ಕೆ ಚಾಚಿ ‘ಪಿನ್ಯಾ’ ಎಂಬ ಬುಡವನ್ನು ಕಟ್ಟುತ್ತಾರೆ. ಅದರೊಳಗಿರುವವರಿಗೆ ಮೇಲೆ ನಡೆಯುವುದು ಕಾಣುವುದಿಲ್ಲ. ಶಹನಾಯಿಯಂತೆ ಜೋಡಿ ನಾಲಗೆಯುಳ್ಳ ‘ಗ್ರಾಲ್ಯಾ’ ವಾದ್ಯದ ರಾಗವನ್ನು ಕೇಳಿಯೇ ಗೋಪುರ ಎಲ್ಲಿಗೆ ತಲುಪಿತೆಂದು ತಿಳಿಯುತ್ತಾರೆ. ತುದಿಗೇರಿದ ಪುಟ್ಟ ಮಗು ಒಂದು ಕೈಯನ್ನು ಮೇಲೆತ್ತಿದ ಕ್ಷಣಕ್ಕೆ ಗೋಪುರ ‘ಏರಿತು’ ಎಂದು ಲೆಕ್ಕ. ಆದರೆ ಎಲ್ಲರೂ ಬೀಳದೆ ಕೆಳಗಿಳಿದರೆ ಮಾತ್ರ ಅದು ‘ಇಳಿಯಿತು’. ಪೂರ್ಣ ಯಶಸ್ಸಿನ ಹೆಸರು ಇಳಿಯುವುದಕ್ಕೇ ಮೀಸಲು. 1980ರ ದಶಕದಿಂದ ಹೆಣ್ಣುಮಕ್ಕಳೂ ತಂಡಗಳಿಗೆ ಸೇರಿದ ಮೇಲೆ ಗೋಪುರಗಳು ಇನ್ನಷ್ಟು ಎತ್ತರಕ್ಕೆ ಹೋದವು.

ಸಂಜೆ ಚೌಕದಲ್ಲಿ ‘ಸರ್ದಾನಾ’ ನೃತ್ಯ ನಡೆಯುತ್ತದೆ. ಹನ್ನೊಂದು ಮಂದಿಯ ವಾದ್ಯಮೇಳಕ್ಕೆ ಕೈಕೈ ಹಿಡಿದು ವೃತ್ತವಾಗಿ ಕುಣಿಯುವ ಇದರಲ್ಲಿ ಹೆಜ್ಜೆ ಬಲ್ಲ ಯಾರು ಬೇಕಾದರೂ ನಡುವೆ ಬಂದು ಕೈ ಸೇರಿಸಬಹುದು. ಕತ್ತಲಾದ ಮೇಲೆ ‘ಕೊರ್ರೆಫೊಕ್’, ಅಂದರೆ ಬೆಂಕಿಯೋಟ. ದೆವ್ವದ ವೇಷದವರು ಕಿಡಿ ಉಗುಳುವ ಬತ್ತಿಗಳನ್ನು ತಿರುಗಿಸುತ್ತ ಬೀದಿಯಲ್ಲಿ ಬಂದರೆ, ಟೋಪಿ ಹಾಕಿ ಹತ್ತಿಬಟ್ಟೆ ತೊಟ್ಟ ಜನ ಅವರ ಕಿಡಿಯ ಕೆಳಗೇ ಕುಣಿಯುತ್ತಾರೆ. ದೆವ್ವಗಳ ಆಟ ಬಹಳ ಹಳೆಯದು, ಆದರೆ ಜನರೂ ಒಳಹೊಕ್ಕು ಕುಣಿಯುವ ಈಗಿನ ರೂಪ 1979ರಲ್ಲಿ ಬಾರ್ಸಿಲೋನಾದ ಹಬ್ಬದಲ್ಲಿ ಬಂದದ್ದು. ಸ್ಪೇನಿನ ಸರ್ವಾಧಿಕಾರಿ ಫ್ರಾಂಕೊ 1975ರಲ್ಲಿ ತೀರಿಕೊಂಡಿದ್ದ. ಅವನ ಆಳ್ವಿಕೆಯಲ್ಲಿ ಅದುಮಿಟ್ಟಿದ್ದ ಕ್ಯಾಟಲಾನ್ ಭಾಷೆಯೂ ಆಚರಣೆಗಳೂ ಮತ್ತೆ ಬೀದಿಗೆ ಬಂದ ವರ್ಷಗಳವು. ಇಂದು ಹಬ್ಬದ ದಿನ ಊರಿನವರು ಎದುರಾದಾಗ ಕ್ಯಾಟಲಾನ್‌ನಲ್ಲೇ ‘ಬೋನಾ ಫೆಸ್ತಾ ಮಜೋರ್’ ಎಂದು ಹಾರೈಸುತ್ತಾರೆ.