ಬಿದಿಗೆ ಚಂದ್ರನ ಮಸುಕು ಭಾಗ

ಕಾಸ್ಪರ್ ಡೇವಿಡ್ ಫ್ರೀಡ್ರಿಕ್ ಬರೆದ 'ಚಂದ್ರನನ್ನು ನೋಡುತ್ತಿರುವ ಇಬ್ಬರು' ಚಿತ್ರ ಜರ್ಮನಿಯ ಡ್ರೆಸ್ಡನ್‌ನಲ್ಲಿದೆ. 1819ರ ಸುಮಾರಿನದು. ಅಗಲ ಒಂದೂವರೆ ಅಡಿಯೂ ಇಲ್ಲ. ಕಾಡುದಾರಿಯಲ್ಲಿ ಇಬ್ಬರು ಗಂಡಸರು ನಮಗೆ ಬೆನ್ನು ಹಾಕಿ ನಿಂತಿದ್ದಾರೆ, ಪಕ್ಕದಲ್ಲಿ ಬೇರು ಸಮೇತ ಎದ್ದು ವಾಲಿರುವ ಒಣ ಓಕ್ ಮರ, ಅದರಾಚೆ ಸಂಜೆಯ ಆಕಾಶ.

ಒಣ ಮರ ಅಂದರೆ ಸಾವು, ಹಸಿರು ಮರ ನಂಬಿಕೆ, ಬೆಳೆಯುವ ಚಂದ್ರ ಕ್ರಿಸ್ತ ಅಂತ ವಿಮರ್ಶಕರು ಅರ್ಥ ಹೇಳುತ್ತಾರೆ. ಇರಬಹುದು, ಫ್ರೀಡ್ರಿಕ್ ದೈವಭಕ್ತನೇ. ಆದರೆ ಆ ಇಬ್ಬರು ಹಾಕಿರುವ ಹಳೇ ಜರ್ಮನ್ ಉಡುಪು ಆಗ ಸರ್ಕಾರದ ವಿರೋಧಿಗಳ ಗುರುತು. 1820ರಲ್ಲಿ ಮನೆಗೆ ಬಂದವರಿಗೆ ಚಿತ್ರ ತೋರಿಸಿ, 'ಇವರು ಪಿತೂರಿ ನಡೆಸ್ತಿದ್ದಾರೆ' ಅಂತ ಅವನೇ ತಮಾಷೆ ಮಾಡಿದನಂತೆ!

ನನಗೆ ಮಾತ್ರ ಈ ಅರ್ಥಗಳಿಗಿಂತ ಚಂದ್ರನೇ ಜಾಸ್ತಿ ಇಷ್ಟ. ಹತ್ತಿರದಿಂದ ನೋಡಿ. ಹೊಳೆಯುವ ತೆಳು ಗೆರೆಯಷ್ಟೇ ಅಲ್ಲ, ಬಿಸಿಲು ಬೀಳದ ಉಳಿದ ಭಾಗವೂ ದುಂಡಗೆ, ಮಸುಕಾಗಿ ಕಾಣುತ್ತದೆ. ಪಕ್ಕದಲ್ಲಿ ಶುಕ್ರ. ಸುಮ್ನೆ ಅಂದಾಜಿನಲ್ಲಿ ಬರೆದದ್ದಲ್ಲ ಇದು. ಅಮಾವಾಸ್ಯೆ ಕಳೆದ ಎರಡು ಮೂರು ದಿನಕ್ಕೆ, ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿಗೆ ಪಶ್ಚಿಮದಲ್ಲಿ ಕಾಣುವುದು ಹೀಗೇ. ಆ ಹೊತ್ತಿಗೆ ಆಕಾಶದಲ್ಲಿ ಸಂಜೆಗೆಂಪು ಇನ್ನೂ ಉಳಿದಿರುತ್ತದೆ, ಅದಕ್ಕೇ ಚಿತ್ರದ ತುಂಬ ಕಂದು ಬಣ್ಣ. ಸಿನಿಮಾದ ನೀಲಿ ಬೆಳದಿಂಗಳು ಇಲ್ಲಿಲ್ಲ.

ಸರಿ, ಬಿಸಿಲೇ ಬೀಳದ ಭಾಗ ಕಾಣುವುದು ಹೇಗೆ? ನಮ್ಮಿಂದಲೇ. ಸೂರ್ಯನ ಬೆಳಕು ಭೂಮಿಗೆ ಬಡಿದು ಚಂದ್ರನ ಮೇಲೆ ಬೀಳುತ್ತದೆ, ಅಲ್ಲಿಂದ ಮತ್ತೆ ನಮ್ಮ ಕಣ್ಣಿಗೆ ಬರುತ್ತದೆ. ನಮಗೆ ಬಿದಿಗೆ ಚಂದ್ರ ಕಾಣುವಾಗ ಚಂದ್ರನ ಮೇಲೆ ನಿಂತವರಿಗೆ ಭೂಮಿ ಹೆಚ್ಚುಕಡಿಮೆ ಪೂರ್ತಿ ಬೆಳಗಿರುತ್ತದೆ, ಅದೂ ನಮ್ಮ ಹುಣ್ಣಿಮೆಗಿಂತ ಹತ್ತಾರು ಪಟ್ಟು ಜೋರಾಗಿ. ಯಾಕೆಂದರೆ ಅಲ್ಲಿಂದ ಕಾಣುವ ಭೂಮಿಯ ಬಿಲ್ಲೆ, ನಮಗೆ ಕಾಣುವ ಚಂದ್ರನ ಬಿಲ್ಲೆಗಿಂತ ವಿಸ್ತೀರ್ಣದಲ್ಲಿ ಸುಮಾರು 13 ಪಟ್ಟು ದೊಡ್ಡದು. ಜೊತೆಗೆ ಚಂದ್ರ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇ. 12ರಷ್ಟನ್ನು ಮಾತ್ರ ವಾಪಸ್ ಕಳಿಸಿದರೆ ಭೂಮಿ ಶೇ. 30ರಷ್ಟು ಕಳಿಸುತ್ತದೆ. ಇದನ್ನು 16ನೇ ಶತಮಾನದ ಆರಂಭದಲ್ಲೇ ಬಿಡಿಸಿ ಹೇಳಿದ್ದು ಲಿಯೊನಾರ್ಡೊ ಡಾ ವಿಂಚಿ. ಅವನೂ ಚಿತ್ರಕಾರನೇ ಅಲ್ವಾ! ಭೂಮಿಯ ಹೊಳಪಿಗೆ ಸಮುದ್ರ ಕಾರಣ ಅಂದುಕೊಂಡಿದ್ದ, ನಿಜವಾಗಿ ಹೆಚ್ಚಿನ ಪಾಲು ಮೋಡಗಳದ್ದು.

ಹಾಗಾಗಿ ಈ ಮಸುಕು ಬೆಳಕನ್ನು ಅಳೆದರೆ ಭೂಮಿ ಎಷ್ಟು ಹೊಳೆಯುತ್ತಿದೆ ಅಂತ ಗೊತ್ತಾಗುತ್ತದೆ. ಕ್ಯಾಲಿಫೋರ್ನಿಯಾದ ಬಿಗ್ ಬೇರ್ ಸೌರ ವೀಕ್ಷಣಾಲಯದಲ್ಲಿ 1998ರಿಂದ 2017ರವರೆಗೆ ಅಳೆದಾಗ, ಭೂಮಿ ವಾಪಸ್ ಕಳಿಸುವ ಬೆಳಕು ಚದರ ಮೀಟರಿಗೆ ಸುಮಾರು ಅರ್ಧ ವಾಟ್ ಇಳಿದಿತ್ತು. ಇಳಿಕೆ ಜಾಸ್ತಿ ಕಂಡದ್ದು ಕೊನೆಯ ಮೂರು ವರ್ಷಗಳಲ್ಲಿ, ಪೂರ್ವ ಪೆಸಿಫಿಕ್ ಸಾಗರದ ಮೇಲಿನ ತಗ್ಗು ಮೋಡಗಳು ಕಡಿಮೆಯಾದಾಗ.