ಗಣಿತದ ಮಾದರಿ ಚಿಪ್‌ಗೆ ಇಳಿಯುವ ದಾರಿ

ಗಣಿತದ ಲೆಕ್ಕಾಚಾರಕ್ಕೆ ಬಳಸುವ ತಂತ್ರಾಂಶವಾದ ಮ್ಯಾಟ್‌ಲ್ಯಾಬ್‌ನಲ್ಲಿ ಬರೆದ ಅಲ್ಗಾರಿದಂ ಒಂದು ಗುಂಡಿ ಒತ್ತಿದರೆ, ತಯಾರಾದ ಮೇಲೂ ಒಳಗಿನ ಸರ್ಕ್ಯೂಟ್ ಬದಲಿಸಬಹುದಾದ ಎಫ್‌ಪಿಜಿಎ ಚಿಪ್‌ನಲ್ಲಿ ಓಡುತ್ತದೆ ಎಂಬ ಭರವಸೆಗೆ ಎರಡು ದಶಕಗಳಿಗೂ ಹೆಚ್ಚು ವಯಸ್ಸಾಗಿದೆ. ಅದು ಎಷ್ಟರಮಟ್ಟಿಗೆ ನಿಜವಾಗಿದೆ ಎಂಬ ಬಗ್ಗೆ ವಿನ್ಯಾಸಕಾರರಲ್ಲಿ ಮಾತ್ರ ಇನ್ನೂ ಒಮ್ಮತವಿಲ್ಲ.

ಮ್ಯಾಟ್‌ಲ್ಯಾಬ್ ತಯಾರಿಸುವ ಮ್ಯಾಥ್‌ವರ್ಕ್ಸ್ ಮತ್ತು ಎಫ್‌ಪಿಜಿಎಯನ್ನು ಮಾರುಕಟ್ಟೆಗೆ ತಂದ ಜೈಲಿಂಕ್ಸ್ ಎರಡೂ ಹುಟ್ಟಿದ್ದು 1984ರಲ್ಲಿ. ಮರುವರ್ಷ ಬಂದ ಎಕ್ಸ್‌ಸಿ2064 ಚಿಪ್‌ನಲ್ಲಿ ಇದ್ದದ್ದು ಬರೀ 64 ಲಾಜಿಕ್ ಬ್ಲಾಕ್‌ಗಳಾದ್ದರಿಂದ, ಆಗ ಇವೆರಡನ್ನು ಜೋಡಿಸುವ ಪ್ರಶ್ನೆಯೇ ಏಳಲಿಲ್ಲ. ಚಿಪ್‌ಗಳು ದೊಡ್ಡದಾಗಿ, ಒಳಗೇ ಗುಣಕಗಳು (ಗುಣಾಕಾರ ಮಾಡುವ ಸರ್ಕ್ಯೂಟ್‌ಗಳು) ಬಂದ ಮೇಲೆ ಸಿಗ್ನಲ್ ಪ್ರೊಸೆಸಿಂಗ್, ಅಂದರೆ ಧ್ವನಿ, ರೇಡಿಯೊದಂಥ ಸಂಕೇತಗಳನ್ನು ಸಂಸ್ಕರಿಸುವ ಕೆಲಸ ಅವುಗಳತ್ತ ಹರಿಯಿತು. ಒಬ್ಬರು ಗಣಿತದ ಮಾದರಿ ಕಟ್ಟುವುದು, ಇನ್ನೊಬ್ಬರು ಅದನ್ನು ಓದಿ ವಿಎಚ್‌ಡಿಎಲ್ ಅಥವಾ ವೆರಿಲಾಗ್ ಎಂಬ ಹಾರ್ಡ್‌ವೇರ್ ವಿವರಣಾ ಭಾಷೆಯಲ್ಲಿ (ಎಚ್‌ಡಿಎಲ್) ಮತ್ತೆ ಬರೆಯುವುದು, ನಡುವೆ ನುಸುಳಿದ ತಪ್ಪನ್ನು ಇಬ್ಬರೂ ಹುಡುಕುವುದು ಆ ಕಾಲದ ವಾಡಿಕೆ. 2000ದ ಆಸುಪಾಸಿನಲ್ಲಿ ಜೈಲಿಂಕ್ಸ್‌ನ ಸಿಸ್ಟಮ್ ಜನರೇಟರ್, ಇನ್ನೊಂದು ಎಫ್‌ಪಿಜಿಎ ಕಂಪನಿ ಆಲ್ಟೆರಾದ ಡಿಎಸ್‌ಪಿ ಬಿಲ್ಡರ್, ಮುಂದೆ 2006ರಲ್ಲಿ ಮ್ಯಾಥ್‌ವರ್ಕ್ಸ್‌ನದೇ ಸಿಮ್ಯುಲಿಂಕ್ ಎಚ್‌ಡಿಎಲ್ ಕೋಡರ್, ಹೀಗೆ ಮಾದರಿಯಿಂದಲೇ ಎಚ್‌ಡಿಎಲ್ ತಯಾರಿಸುವ ಸಾಧನಗಳು ಬಂದದ್ದು ಈ ಮರುಬರವಣಿಗೆಯನ್ನು ತಪ್ಪಿಸಲೆಂದೇ.

ಬರವಣಿಗೆಯೇನೋ ತಪ್ಪಿತು, ನಿರ್ಧಾರಗಳು ತಪ್ಪಲಿಲ್ಲ. ಮ್ಯಾಟ್‌ಲ್ಯಾಬ್ ಸಾಮಾನ್ಯವಾಗಿ 64 ಬಿಟ್‌ಗಳ ಫ್ಲೋಟಿಂಗ್ ಪಾಯಿಂಟ್‌ನಲ್ಲಿ, ಅಂದರೆ ಬಿಂದುವಿನ ಸ್ಥಾನ ಸಂಖ್ಯೆಗೆ ತಕ್ಕಂತೆ ಸರಿಯುವ ರೂಪದಲ್ಲಿ, ಲೆಕ್ಕ ಹಾಕುತ್ತದೆ. ಚಿಪ್‌ನಲ್ಲಿ ಪ್ರತಿ ಬಿಟ್‌ಗೂ ಜಾಗ ಬೇಕಾಗುವುದರಿಂದ ಹೆಚ್ಚಿನವರು ಬಿಂದುವಿನ ಸ್ಥಾನ ಸ್ಥಿರವಾಗಿರುವ ಫಿಕ್ಸೆಡ್ ಪಾಯಿಂಟ್‌ಗೆ ಹೊರಳುತ್ತಾರೆ. ಪ್ರತಿ ಗುಣಾಂಕವನ್ನೂ ಒಂದೊಂದು ಇನ್‌ಪುಟ್ ಸಂಖ್ಯೆಯಿಂದ ಗುಣಿಸಿ ಎಲ್ಲವನ್ನೂ ಕೂಡಿಸುವ, 64 ಗುಣಾಂಕಗಳ ಒಂದು ಫಿಲ್ಟರ್ (ಸಿಗ್ನಲ್ ಸೋಸುವ ಲೆಕ್ಕ) ಇದೆ ಎನ್ನೋಣ. ಅದರಲ್ಲಿನ 0.1 ಎಂಬ ಗುಣಾಂಕವನ್ನು ಬಿಂದುವಿನ ಬಲಕ್ಕೆ 15 ಬಿಟ್‌ಗಳಿರುವ 16 ಬಿಟ್ ಸಂಖ್ಯೆಯಾಗಿಸಲು 2ರ 15ನೇ ಘಾತದಿಂದ ಗುಣಿಸಿದರೆ 3276.8 ಬರುತ್ತದೆ, ಅದನ್ನು 3277ಕ್ಕೆ ಏರಿಸಬೇಕಾಗುತ್ತದೆ. ಎರಡು 16 ಬಿಟ್ ಸಂಖ್ಯೆಗಳ ಗುಣಲಬ್ಧಕ್ಕೆ 32 ಬಿಟ್ ಬೇಕು; ಅಂಥ 64 ಗುಣಲಬ್ಧಗಳ ಮೊತ್ತ ಎಲ್ಲೂ ಉಕ್ಕಿಹರಿಯದಂತೆ ನೋಡಿಕೊಳ್ಳಲು 38 ಬಿಟ್. ಎಲ್ಲಿ ಕತ್ತರಿಸಬೇಕು, ಕತ್ತರಿಸುವಾಗ ಸಮೀಪದ ಸಂಖ್ಯೆಗೆ ಹೊಂದಿಸಬೇಕೋ ಅಥವಾ ಉಳಿದ ಬಿಟ್‌ಗಳನ್ನು ಸುಮ್ಮನೆ ಬಿಟ್ಟುಬಿಡಬೇಕೋ ಎಂಬುದಕ್ಕೆ ಸಾಧನ ಸಲಹೆ ಕೊಟ್ಟೀತು. ಆದರೆ ಎಷ್ಟು ದೋಷ ಸಹ್ಯ ಎಂಬುದನ್ನು ವಿನ್ಯಾಸಕಾರನೇ ಹೇಳಬೇಕು. ಕಾಲದ ವಿಷಯವೂ ಹಾಗೆಯೇ. ಮಾದರಿಯಲ್ಲಿ ಗುಣಾಕಾರ ಕ್ಷಣಾರ್ಧವನ್ನೂ ತೆಗೆದುಕೊಳ್ಳುವುದಿಲ್ಲ, ಚಿಪ್‌ನಲ್ಲಿ ಅದಕ್ಕೆ ಮೂರು ಕ್ಲಾಕ್ (ಚಿಪ್‌ನ ಗಡಿಯಾರದ ಮಿಡಿತಗಳು) ಬೇಕಾದರೆ ಅದರ ಜೊತೆ ಕೂಡಬೇಕಾದ ಇನ್ನೊಂದು ದಾರಿಯನ್ನೂ ಮೂರು ಕ್ಲಾಕ್ ತಡೆದು ನಿಲ್ಲಿಸಬೇಕು.

ಇನ್ನೊಂದು ತೊಡಕು ಆವೃತ್ತಿಗಳದ್ದು. ಚಿಪ್ ತಯಾರಕರ ಸಾಧನದ ಪ್ರತಿ ಆವೃತ್ತಿಯೂ ಮ್ಯಾಟ್‌ಲ್ಯಾಬ್‌ನ ಕೆಲವೇ ಆವೃತ್ತಿಗಳೊಂದಿಗೆ ಹೊಂದುತ್ತದೆ, ಪರವಾನಗಿಗಳೂ ಬೇರೆ ಬೇರೆ. ಆಲ್ಟೆರಾವನ್ನು 2015ರಲ್ಲಿ ಇಂಟೆಲ್, ಜೈಲಿಂಕ್ಸ್ ಅನ್ನು 2022ರಲ್ಲಿ ಎಎಂಡಿ ಕೊಂಡವು; ಸಿಸ್ಟಮ್ ಜನರೇಟರ್ ಈಗ ವೈಟಿಸ್ ಮಾಡೆಲ್ ಕಂಪೋಸರ್‌ನೊಳಗೆ ಸೇರಿಹೋಗಿದೆ. ದೀರ್ಘಕಾಲ ಬಾಳಬೇಕಾದ ಉಪಕರಣಗಳಿಗೆ ಇಂಥ ಬದಲಾವಣೆಗಳು ದುಬಾರಿ ಎಂಬುದನ್ನು ಯಾರೂ ಅಲ್ಲಗಳೆಯಲಾರರು.

ಹೀಗಾಗಿ ಮಧ್ಯದ ದಾರಿ ಹಿಡಿದವರೂ ಇದ್ದಾರೆ. ಅವರು ಎಚ್‌ಡಿಎಲ್ ಅನ್ನು ಕೈಯಿಂದಲೇ ಬರೆದು, ಮ್ಯಾಟ್‌ಲ್ಯಾಬ್ ಮಾದರಿಯನ್ನು ಪರೀಕ್ಷೆಗೆ ಮಾತ್ರ ಬಳಸುತ್ತಾರೆ: ಎರಡಕ್ಕೂ ಒಂದೇ ಇನ್‌ಪುಟ್ ಕೊಟ್ಟು ಉತ್ತರಗಳನ್ನು ಬಿಟ್ ಬಿಟ್ಟಾಗಿ ತಾಳೆ ನೋಡುತ್ತಾರೆ. ಸದ್ದಿಲ್ಲದ ಈ ಉಪಯೋಗವೇ, ನೋಡಹೋದರೆ, ಇಡೀ ಜೋಡಣೆಯಲ್ಲಿ ಅತ್ಯಂತ ಕಡಿಮೆ ತಕರಾರಿಗೆ ಒಳಗಾದ ಭಾಗ.