ಸೈಟು ಗುಡಾರವಾದ ಕಥೆ

ನಮ್ಮ ಆಫೀಸಿಗೆ ಹೊಸದಾಗಿ ಸೇರಿದ ಹುಡುಗನಿಗೆ ಮೊದಲ ದಿನ ಕೊಟ್ಟ ಕೆಲಸ ಇಷ್ಟೇ: ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ಆಟೋಕ್ಯಾಡ್‌ನಲ್ಲಿ 30×40 ಸೈಟಿನ ಗಡಿ ಹಾಕು. ಟೀ ಕುಡಿದು ಬಂದು ನೋಡಿದರೆ ಪರದೆ ಮೇಲೆ ಒಂದು ಗುಡಾರ ನಿಂತಿದೆ! "ಸರ್, ಶೇಪು ಹೀಗೆ ಬಂತು. ಆದ್ರೆ ಏರಿಯಾ ಸರಿಯಾಗಿದೆ" ಅಂದ. ನಿಜ, 1200 ಚದರ ಅಡಿಯೇ.

ಅವನು ಒತ್ತಿದ್ದು ಹೀಗೆ. ಲೈನ್ ಕಮಾಂಡ್, 0,0. ಆಮೇಲೆ 30',0. ಆಮೇಲೆ 0,40'. ಆಮೇಲೆ -30',0. ಕೊನೆಗೆ ಸಿ ಒತ್ತಿ ಮುಚ್ಚಿದ. ಬಲಕ್ಕೆ 30, ಮೇಲಕ್ಕೆ 40, ಎಡಕ್ಕೆ 30 ಅಂತ ಅವನ ಲೆಕ್ಕ. ಆದರೆ ಬರೀ ಕಾಮಾ ಹಾಕಿ ಕೊಟ್ಟ ಅಂಕಿಯನ್ನು ಕಮಾಂಡ್ ಲೈನ್ (ಪರದೆಯ ಕೆಳಗೆ ಟೈಪ್ ಮಾಡುವ ಸಾಲು) ಯಾವಾಗಲೂ 0,0 ಇಂದಲೇ, ಅಂದರೆ ನಕ್ಷೆಯ ಮೂಲಬಿಂದುವಿನಿಂದಲೇ, ಅಳೆಯುತ್ತದೆ. ಮೊದಲ ಗೆರೆ ಅಲ್ಲಿಂದಲೇ ಹೊರಟಿದ್ದರಿಂದ ಸರಿಯಾಗಿ ಬಂತು, ತಪ್ಪು ಅಡಗಿಕೊಂಡಿತು. ಎರಡನೆಯದು ನೆಟ್ಟಗೆ ಏರುವ ಬದಲು ಓರೆಯಾಗಿ 50 ಅಡಿ ಹೋಯಿತು. ಮೂರನೆಯದು ಅಷ್ಟೇ ಉದ್ದ ಇನ್ನೊಂದು ಕಡೆ ಇಳಿಯಿತು. ತಳ 60 ಅಡಿ, ಎತ್ತರ 40 ಅಡಿ. ಗುಣಿಸಿ ಅರ್ಧ ಮಾಡಿ ನೋಡಿ, ಅದೇ 1200.

ಬೇಕಾಗಿದ್ದದ್ದು ಒಂದು @ ಅಷ್ಟೇ. @ ಅಂದರೆ 'ಈಗ ನಿಂತ ಜಾಗದಿಂದ'. @30',0 ಆಮೇಲೆ @0,40' ಆಮೇಲೆ @-30',0 ಅಂದಿದ್ದರೆ ಮುಗಿದಿತ್ತು. ಹುಡುಗನದ್ದೂ ಪೂರ್ತಿ ತಪ್ಪಲ್ಲ. ಅವನು ಕಲಿತ ಕಂಪ್ಯೂಟರಿನಲ್ಲಿ ಡೈನಮಿಕ್ ಇನ್‌ಪುಟ್ (ಕರ್ಸರ್ ಪಕ್ಕದಲ್ಲೇ ಅಂಕಿ ಒತ್ತುವ ಸೌಲಭ್ಯ) ಆನ್ ಇತ್ತು. ಅದು ಆನ್ ಇದ್ದರೆ ಎರಡನೇ ಬಿಂದುವಿನಿಂದ ಮುಂದಕ್ಕೆ @ ತಾನಾಗಿಯೇ ಸೇರಿಕೊಳ್ಳುತ್ತದೆ. ನಮ್ಮಲ್ಲಿ ಆಫ್ ಇತ್ತು. ಬೇರೆಯವರ ಕಂಪ್ಯೂಟರಿನಲ್ಲಿ ಕೂತಾಗ ನಾನಂತೂ ಮೊದಲು ಅದನ್ನು ಆನ್-ಆಫ್ ಮಾಡುವ ಎಫ್12 ಕೀ ನೋಡುತ್ತೇನೆ. ಏನೇ ಇರಲಿ, @ ಒತ್ತುವ ಅಭ್ಯಾಸ ಬಿಟ್ಟಿಲ್ಲ.

ಅಡಿ ಗುರುತೂ (') ಅಷ್ಟೇ. ಅಡಿ-ಇಂಚಿನ ಲೆಕ್ಕದ ಆರ್ಕಿಟೆಕ್ಚರಲ್ ಯೂನಿಟ್‌ನಲ್ಲಿ ಬರೀ 30 ಅಂದರೆ 30 ಇಂಚು, ಅಂದರೆ ಎರಡೂವರೆ ಅಡಿ. ಗೋಡೆ ಹಾಕಲು ಹೋದರೆ ಕಟ್ಟೆ ಬರುತ್ತದೆ.

ಉದ್ದ ಮತ್ತು ಕೋನ ಕೊಟ್ಟೂ ಗೆರೆ ಎಳೆಯಬಹುದು: @40'<90. ಇಲ್ಲಿ ಸೊನ್ನೆ ಇರುವುದು ಪೂರ್ವಕ್ಕೆ, ಕೋನ ಏರುವುದು ಗಡಿಯಾರದ ಉಲ್ಟಾ. ಸರ್ವೆಯವರು ಕೊಡುವ ಬೇರಿಂಗ್ (ಗೆರೆಯ ದಿಕ್ಕು ಹೇಳುವ ಕೋನ) ಉತ್ತರದಿಂದ ಗಡಿಯಾರದ ದಿಕ್ಕಿಗೆ ಎಣಿಸಿದ್ದಾದರೆ ಅದನ್ನು 90ರಿಂದ ಕಳೆಯಬೇಕು. ಅವರ 30 ಡಿಗ್ರಿ ನಮಗೆ 60.

ಇಷ್ಟೆಲ್ಲ ಸರಿಯಾಗಿ ಒತ್ತಿದರೂ ಬೀಳಲು ಇನ್ನೊಂದು ಹಳ್ಳ ಇದೆ. ಎಷ್ಟೋ ಜನ ಸೈಟಿನ ನಾಲ್ಕು ಬದಿ ಮಾತ್ರ ಟೇಪು ಹಿಡಿದು ಬರೆದುಕೊಂಡು ಬರುತ್ತಾರೆ. 30, 40, 30, 40. ಮೂಲೆ ಮಟ್ಟ (ಸರಿಯಾಗಿ 90 ಡಿಗ್ರಿ) ಇದೆ ಅಂತ ಹೇಳಿದವರು ಯಾರು? ಮಟ್ಟ ಇದ್ದರೆ ಮೂಲೆಯಿಂದ ಎದುರು ಮೂಲೆಗೆ ಸರಿಯಾಗಿ 50 ಅಡಿ ಬರಬೇಕು. 49 ಬಂತು ಅಂದುಕೊಳ್ಳಿ. ಹಿಂದಿನ ಮೂಲೆ ಪಕ್ಕಕ್ಕೆ ಸುಮಾರು 1 ಅಡಿ 8 ಇಂಚು ಸರಿದಿದೆ ಅಂತ ಅರ್ಥ. ಏರಿಯಾದಲ್ಲಿ ವ್ಯತ್ಯಾಸ ಬರೋದು ಬರೀ 1 ಚದರ ಅಡಿ! ಆದರೆ ಹಿಂದಿನ ಕಾಲಂ ಪಕ್ಕದ ಮನೆಯವರ ಜಾಗದಲ್ಲಿ ಕೂತರೆ ಅವರು ಸುಮ್ನೆ ಬಿಡ್ತಾರಾ?

ಅದಕ್ಕೇ ನಾನು ಒಂದು ಮೂಲೆಅಳತೆ (ಮೂಲೆಯಿಂದ ಎದುರು ಮೂಲೆಗೆ ಹಿಡಿದ ಅಳತೆ) ಇಲ್ಲದೆ ಗಡಿ ಹಾಕುವುದಿಲ್ಲ. ಮೊದಲು ರಸ್ತೆ ಕಡೆಯ ಗೆರೆ ಎಳೆಯುತ್ತೇನೆ. ಅದರ ಎಡ ತುದಿಯಿಂದ ಎಡಬದಿಯ ಉದ್ದದಷ್ಟು ರೇಡಿಯಸ್ಸಿನ ಸರ್ಕಲ್, ಬಲ ತುದಿಯಿಂದ ಮೂಲೆಅಳತೆಯಷ್ಟು ಇನ್ನೊಂದು. ಎರಡೂ ಕೂಡುವ ಕಡೆ ಹಿಂದಿನ ಎಡ ಮೂಲೆ. ಈ ಮೂಲೆಯಿಂದ ಹಿಂಬದಿಯ ಉದ್ದ, ರಸ್ತೆಗೆರೆಯ ಬಲ ತುದಿಯಿಂದ ಬಲಬದಿಯ ಉದ್ದ ಹಿಡಿದರೆ ಉಳಿದ ಮೂಲೆಯೂ ಹೀಗೇ ಸಿಗುತ್ತದೆ. ಸರ್ಕಲ್‌ಗಳು ಎರಡು ಕಡೆ ಕೂಡುತ್ತವೆ, ಗಾಬರಿ ಬೇಡ. ಮೊದಲ ಸಲ ಒಂದು ರಸ್ತೆ ಕಡೆಗೆ, ಎರಡನೇ ಸಲ ಒಂದು ಎಡಗಡೆಗೆ ಬಿದ್ದಿರುತ್ತದೆ, ಅದನ್ನು ಬಿಡಿ.